ದಾರಿಗೆ ಅಡ್ಡ ಬಂದವಳು

ನಮ್ಮ ಮುಕ್‌ಗೋಲ್ ಕಣಿವೆಯಲ್ಲಿ ಬೆಳಗಿನ ದಾರಿ ಗಂಡಸರದ್ದು. ಅದನ್ನು ಯಾರು ಯಾವಾಗ ನಮ್ಮ ಹೆಸರಿಗೆ ಬರೆದುಕೊಟ್ಟರೋ ನನಗೆ ಗೊತ್ತಿಲ್ಲ, ಕೇಳಿದವರೂ ಇಲ್ಲ. ಮೊದಲ ಪಾಳಿಯವರು ಬುತ್ತಿ ಹಿಡಿದು ಗಣಿಯತ್ತ ಹೊರಟಾಗ ಹೆಂಗಸೊಬ್ಬಳು ಮುಂದಿನಿಂದ ದಾರಿ ದಾಟಿದಳೋ, ಮುಗಿಯಿತು. ಅಂದು ಒಳಗೆ ಇಳಿದವನು ಹೊರಗೆ ಬರುವುದಿಲ್ಲವೆಂದು ನಂಬಿಕೆ. ಅವನು ಅಲ್ಲೇ ಉಗಿದು, ಬೈದು, ಮನೆಗೆ ವಾಪಸು ಬಂದು ಕಂಬಳಿ ಹೊದ್ದು ಮಲಗಬಹುದು. ಜ್ವರ ಎಂದರೆ ನಾಟಕ ಆಡಬೇಡ ಎನ್ನುವ ಮೇಸ್ತ್ರಿ, ಹೆಂಗಸು ಅಡ್ಡ ಬಂದಳು ಎಂದರೆ ಮರುಮಾತಿಲ್ಲದೆ ರಜೆ ಕೊಡುತ್ತಿದ್ದ.

ಕಂಪನಿಯೂ ಇದಕ್ಕೆ ತಲೆಬಾಗಿತ್ತು. ಬೆಳಗಾದರೆ ಕಂಬದ ಮೇಲಿನ ಧ್ವನಿವರ್ಧಕ ದೇಶಭಕ್ತಿಯ ಹಾಡು ಹಾಕಿ, ಅದು ಮುಗಿದ ಕೂಡಲೇ, ಹೆಂಗಸರು ದಯವಿಟ್ಟು ದಾರಿ ಬಿಡಿ, ನಮ್ಮ ಕೈಗಾರಿಕಾ ಯೋಧರು ಹೊರಟಿದ್ದಾರೆ ಎಂದು ಕೂಗುತ್ತಿತ್ತು. ಯೋಧರು ಎಂದರೆ ನಾವೇ. ಸಂಬಳದ ದಿನ ಮಾತ್ರ ನಮ್ಮನ್ನು ಯಾರೂ ಹಾಗೆ ಕರೆದದ್ದಿಲ್ಲ.

ಹೀಗಾಗಿ ನಮ್ಮ ಬೂಟುಗಳ ಸದ್ದು ಅಡಗುವವರೆಗೆ ಹೆಂಗಸರು ಅಡಗಿರಬೇಕಿತ್ತು. ನನ್ನ ಹೆಂಡತಿ ಮಕ್‌ಸುನ್ ಕೊಡ ಹಿಡಿದು ನಲ್ಲಿಯ ಗೋಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದಳು. ಕಂಪನಿಯ ಸಾಲುಮನೆಗಳಿಗೆಲ್ಲ ಸೇರಿ ಕಕ್ಕಸು ಇದ್ದದ್ದು ದಾರಿಯ ಆಚೆ ಬದಿಗೆ. ಹೊಟ್ಟೆ ಹಿಡಿದುಕೊಂಡು ಬಾಗಿಲ ಸಂದಿಯಲ್ಲಿ ನಿಂತ ಗರ್ಭಿಣಿಯರನ್ನು ನಾನು ಕಂಡಿದ್ದೇನೆ. ಕಂಡೂ ನಿಧಾನವಾಗಿ, ಬೀಡಿ ಎಳೆಯುತ್ತಾ ನಡೆದ ಗಂಡಸರನ್ನೂ ಕಂಡಿದ್ದೇನೆ.

ಎಲ್ಲರಿಗಿಂತ ಕಷ್ಟ ವಿಧವೆಯರದು. ಗಂಡ ಒಳಗೆ ಸತ್ತರೆ ಕಂಪನಿ ಹೆಂಡತಿಗೆ ಕಲ್ಲು ಆರಿಸುವ ಕೆಲಸ ಕೊಡುತ್ತಿತ್ತು. ಓಡುವ ಬೆಲ್ಟಿನ ಪಕ್ಕ ನಿಂತು ಕಲ್ಲಿದ್ದಲಿನಿಂದ ಬರೀ ಕಲ್ಲನ್ನು ಬೇರೆ ಮಾಡಬೇಕು. ಆ ಚಪ್ಪರ ಇದ್ದದ್ದು ಗಣಿ ಬಾಯಿಯ ಮೇಲುಗಡೆಯೇ. ಆದರೂ ಅವರು ನಮ್ಮ ದಾರಿ ತುಳಿಯುವಂತಿಲ್ಲ. ಗುಡ್ಡದ ಹಿಂಬದಿಯ ಮೇಕೆ ಜಾಡಿನಲ್ಲಿ, ಹಿಮದ ಮೇಲೆ, ನಮಗಿಂತ ಮೊದಲೇ ಹೋಗಿ ಸೇರಬೇಕು. ಹಿಂದಿನ ಚಳಿಗಾಲದಲ್ಲಿ ಉಲ್ಜಿನಕ್ಕ ಅಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಮೂಳೆ ಸೊಟ್ಟಗೇ ಕೂಡಿತು. ಆ ಕೈಯಲ್ಲೇ ಕಲ್ಲು ಆರಿಸುತ್ತಿದ್ದಳು.

ಉಲ್ಜಿನಕ್ಕ ಕಡಲ ತೀರದ ಉಲ್ಜಿನ್ ಊರಿನವಳು, ಅದಕ್ಕೇ ಆ ಹೆಸರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಅವಳ ಗಂಡನನ್ನು ಎರಡು ವರ್ಷದ ಹಿಂದೆ ಗಂಜಿ ನುಂಗಿತು. ಒಳಗೆ ನೀರು ಕೂಡಿಕೊಂಡು ಕಲ್ಲಿದ್ದಲಿನ ಪುಡಿಯ ಜೊತೆ ಕಲಸಿ ಒಮ್ಮೆಲೇ ನುಗ್ಗುತ್ತದಲ್ಲ, ಅದಕ್ಕೆ ನಾವು ಗಂಜಿ ಎನ್ನುತ್ತೇವೆ. ಹೆಸರು ಮಾತ್ರ ಮೆತ್ತಗೆ. ಅದು ಬಂದಾಗ ಓಡಿ ಬದುಕಿದವನನ್ನು ನಾನು ನೋಡಿಲ್ಲ. ಅವಳ ಗಂಡನ ಹೆಣವೂ ಸಿಗಲಿಲ್ಲ. ಎಡಗಡೆಯ ಆ ಸುರಂಗಕ್ಕೆ ಹಲಗೆ ಹೊಡೆದು, ಮಣ್ಣು ಒತ್ತಿ, ಮುಂದಿನ ಕೆಲಸ ನೋಡಿ ಎಂದರು.

ನಮ್ಮ ತಂಡದ ಮುಂದಾಳು ಪಾನ್‌ದೋಲ್. ಎತ್ತಿನಂಥ ಆಳು, ಆದರೆ ಕಂಡದ್ದಕ್ಕೆಲ್ಲ ಶಕುನ ಹಿಡಿಯುವವನು. ಒಳಗೆ ಯಾರಾದರೂ ಶಿಳ್ಳೆ ಹಾಕಿದರೆ ಸಲಿಕೆ ಎತ್ತುತ್ತಿದ್ದ. ನಮ್ಮ ಮಾತಿನಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ಉಚ್ಚಾರ, ಹೀಗಾಗಿ ಬುತ್ತಿಗೆ ನಾಲ್ಕು ಸೌಟು ಅನ್ನ ಬಿದ್ದರೆ ಸಾವು ಎಂದು ಹೆಂಡತಿಯ ಕೈ ಕಾಯುತ್ತಿದ್ದ. ಒಮ್ಮೆ ಉಲ್ಜಿನಕ್ಕ ತಡವಾಗಿ ಬಂದು ಅವನಿಗೆ ಎದುರಾದಾಗ ಕೇಡು ಕಳೆಯಲೆಂದು ಜೇಬಿನಿಂದ ಉಪ್ಪು ತೆಗೆದು ಅವಳ ಮುಖಕ್ಕೇ ಎರಚಿದ್ದ. ಅವಳು ತುಟಿ ನೆಕ್ಕಿ, ಸಾರಿಗೆ ಹಾಕೋಕೆ ಮನೆಯಲ್ಲಿ ಉಪ್ಪಿಲ್ಲ, ಇನ್ನೊಂದು ಮುಷ್ಟಿ ಕೊಡು ಎಂದಿದ್ದಳು.

ಎಣ್ಣೆ ದುಬಾರಿಯಾದ ಆ ಚಳಿಗಾಲದಲ್ಲಿ ದೇಶಕ್ಕೆಲ್ಲ ನಮ್ಮ ಕಲ್ಲಿದ್ದಲೇ ಬೇಕಾಯಿತು. ರಾಜಧಾನಿ ಸಿಯೋಲ್‌ನವರ ಮನೆಯ ನೆಲ ಕೆಳಗಿನ ಒಲೆಯಿಂದ ಬೆಚ್ಚಗಿರಬೇಕು, ಅದಕ್ಕೆ ನಾವು ಬೇಯಬೇಕು. ಬೇಯಬೇಕು ಎಂದದ್ದು ಸುಮ್ಮನೆ ಅಲ್ಲ. ಹೊರಗೆ ಹಿಮ ಬಿದ್ದಿರುತ್ತದೆ. ಇಳಿಜಾರಿನಲ್ಲಿ ಹಳಿಯ ಗಾಡಿಯಲ್ಲಿ ಕೂತು ಇಳಿದು, ನಡೆದು, ಆಮೇಲೆ ಮೊಣಕಾಲು ಮೊಣಕೈಯಲ್ಲಿ ತೆವಳಿ ಸುರಂಗದ ತುದಿ ಮುಟ್ಟುವ ಹೊತ್ತಿಗೆ ಮೈಮೇಲೆ ಚಡ್ಡಿಯೊಂದೇ ಉಳಿದಿರುತ್ತದೆ. ಅದನ್ನೂ ಹಿಂಡಬಹುದು. ಗೋಡೆಗೆ ಡ್ರಿಲ್ಲು ಒತ್ತಿದರೆ ಎದೆಯ ಮೂಳೆಯೆಲ್ಲ ನಡುಗುತ್ತದೆ. ಕೊರೆದ ತೂತಿಗೆ ಸಿಡಿಮದ್ದು ತುಂಬಿ, ತಿರುವಿನ ಹಿಂದೆ ಬಾಯಿ ತೆರೆದು ಕೂರಬೇಕು. ಬಾಯಿ ಮುಚ್ಚಿದರೆ ಕಿವಿ ಹೋಗುತ್ತದೆ. ಹೊಗೆ ಆರುವವರೆಗೆ ಕಾಯಿರಿ ಎಂದು ಗೋಡೆಯ ಮೇಲೆ ಬರೆದಿದ್ದಾರೆ, ಕಾಯಲು ಬಿಟ್ಟವರು ಯಾರು? ಮೇಸ್ತ್ರಿ ತಾಕ್ ಬೇಗ ಬೇಗ ಎಂದು ಕೆಳಗಿನಿಂದ ಪೈಪು ಬಡಿಯುತ್ತಿರುತ್ತಾನೆ. ಹೊಗೆಯೊಳಗೇ ನುಗ್ಗಿ, ಕಲ್ಲಿದ್ದಲನ್ನು ಸಲಿಕೆಯಲ್ಲಿ ಎಳೆದು, ಕೆಳಗಿನ ಗಾಡಿಗೆ ಇಳಿಯುವ ಜಾರುಬಂಡೆಗೆ ತಳ್ಳಿ, ಮೇಲಿನ ಗೋಡೆಗೆ ಪೈನ್ ಮರದ ಕಂಬ ಕೊಟ್ಟು ನಿಲ್ಲಿಸಬೇಕು. ಕಬ್ಬಿಣಕ್ಕಿಂತ ಪೈನ್ ನಮಗೆ ಇಷ್ಟ. ಅದು ಮುರಿಯುವ ಮೊದಲು ಕಿರುಗುಟ್ಟುತ್ತದೆ, ಕಬ್ಬಿಣ ಹೇಳದೆ ಕೇಳದೆ ಬಗ್ಗುತ್ತದೆ.

ಉಣ್ಣುವಾಗ ಇಲಿಗಳು ಬರುತ್ತಿದ್ದವು. ಅವುಗಳನ್ನು ಹೊಡೆಯುವವನು ನಮ್ಮಲ್ಲಿಲ್ಲ. ಇಲಿ ಇದ್ದಲ್ಲಿ ಗಾಳಿ ಇದೆ ಎಂದು ಅರ್ಥ, ಹೀಗಾಗಿ ಮೊದಲ ತುತ್ತು ಅವಕ್ಕೇ. ಕಪ್ಪು ಬೆರಳಲ್ಲಿ ಹಿಡಿದ ಕಿಮ್ಚಿ ಉಪ್ಪಿನಕಾಯಿಯನ್ನು ತುದಿಯಷ್ಟು ಬಿಟ್ಟು ತಿಂದು, ಬೆರಳು ಹಿಡಿದ ಭಾಗವನ್ನು ಅವಕ್ಕೆ ಎಸೆಯುತ್ತಿದ್ದೆವು. ಪಾನ್‌ದೋಲ್ ಅವಕ್ಕೆ ಸಂಸಾರದ ಸುದ್ದಿಯನ್ನೂ ಹೇಳುತ್ತಿದ್ದ. ಆ ವಾರ ಅವನು ಎಸೆದ ಅನ್ನ ಎಸೆದಲ್ಲೇ ಬಿದ್ದಿತ್ತು.

ಯಾಕೆ ಎಂದು ಕೇಳಬೇಕಾದ ಅಗತ್ಯವೇ ಇರಲಿಲ್ಲ. ನಮ್ಮನ್ನು ಹಾಕಿದ್ದು ಮುಚ್ಚಿದ ಎಡ ಸುರಂಗದ ಪಕ್ಕಕ್ಕೇ. ಅಲ್ಲಿ ಕಲ್ಲಿದ್ದಲಿನ ದಪ್ಪ ಪದರ ಉಳಿದಿತ್ತು, ಅದರ ಹಿಂದೆ ಎರಡು ವರ್ಷದ ನೀರೂ ಉಳಿದಿತ್ತು. ಮೇಲಿನ ಗೋಡೆ ಮೊದಲು ಬೆವರಿತು, ಆಮೇಲೆ ತೊಟ್ಟಿಕ್ಕಿತು. ಕಲ್ಲಿದ್ದಲು ಸಲಿಕೆಗೆ ಮುದ್ದೆಯಾಗಿ ಅಂಟಿಕೊಳ್ಳತೊಡಗಿತು. ಮೇಸ್ತ್ರಿ ತಾಕ್ ಬಂದು ಗೋಡೆ ಮುಟ್ಟಿ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನೂ ಒಂದು ಕಾಲಕ್ಕೆ ಸಲಿಕೆ ಹಿಡಿದವನೇ, ಅವನಿಗೂ ತಿಳಿಯಿತು. ಮೊದಲು ತೂತು ಕೊರೆದು ನೀರು ಬಸಿಯೋಣ, ಆಮೇಲೆ ಅಗೆಯೋಣ ಎಂದು ಪಾನ್‌ದೋಲ್ ಹೇಳಿದ. ಹಾಗೆ ಮಾಡಬೇಕಾದ್ದೇ, ಆದರೆ ಮ್ಯಾನೇಜರ್ ಹಾಮ್ ಒಪ್ಪುವುದಿಲ್ಲ, ತಿಂಗಳ ಗುರಿ ಮುಟ್ಟಲೇಬೇಕಂತೆ, ನಾಳೆ ಇಲ್ಲಿ ಮದ್ದು ಹಾರಲೇಬೇಕು ಎಂದ ತಾಕ್. ಬರಲೊಲ್ಲದವರು ಸಾಲುಮನೆ ಖಾಲಿ ಮಾಡಬಹುದು ಎಂದೂ ಸೇರಿಸಿದ. ಅದನ್ನು ಹೇಳುವಾಗ ನಮ್ಮ ಮುಖ ನೋಡಲಿಲ್ಲ.

ಒಲ್ಲೆ ಎಂದರೆ ಏನಾಗುತ್ತದೆ ಎನ್ನುವುದು ಊರಿಗೇ ಗೊತ್ತಿತ್ತು. ಹಿಂದಿನ ವಸಂತದಲ್ಲಿ ಕೆಲಸ ನಿಲ್ಲಿಸೋಣ ಎಂದು ಹೆಂಡದಂಗಡಿಯಲ್ಲಿ ಬಾಯಿ ಬಿಟ್ಟವನೊಬ್ಬನನ್ನು ಪೊಲೀಸರು ಒಯ್ದಿದ್ದರು. ವಾಪಸು ಬಂದ ಮೇಲೆ ಅವನು ಬಲಗೈ ಎತ್ತಿದ್ದಿಲ್ಲ. ನಾವು ಬಾಯಿ ಮುಚ್ಚಿಕೊಂಡು ಮೇಲೆ ಬರುವ ಗಾಡಿ ಹತ್ತಿದೆವು.

ಸಂಜೆ ಎಂದಿನಂತೆ ಹಂದಿ ಕೊಬ್ಬು ಸುಟ್ಟು, ಸೋಜು ಹೆಂಡ ಕುಡಿದೆವು. ಕೊಬ್ಬು ಗಂಟಲ ಧೂಳನ್ನು ತೊಳೆಯುತ್ತದೆ ಎನ್ನುತ್ತಾರೆ. ಮನೆಯಲ್ಲಿ ಬೆನ್ನು ಉಜ್ಜುತ್ತಿದ್ದ ಮಕ್‌ಸುನ್ ಕೈ ನಿಲ್ಲಿಸಿ ಏನಾಯಿತೆಂದು ಕೇಳಿದಳು. ಹೇಳಿದೆ.

"ಒಲ್ಲೆ ಅಂತ ಅಂದ್ಬುಡಿ," ಅಂದಳು.

"ಅಂದ್ರೆ ನಾಳಿದ್ದು ಎಲ್ಲಿ ಮಲಗ್ತೀಯ? ಹೊಳೇಲಾ?"

ಅವಳು ಬೆನ್ನಿಗೆ ನೀರು ಹೊಯ್ದು, ಮನೆಯ ಗಡಿಗೆಗಳೆಲ್ಲ ತುಂಬಿದ್ದರೂ ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು. ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಕ್ಕಪಕ್ಕದ ಬಾಗಿಲುಗಳೂ ತೆರೆದು ಮುಚ್ಚಿದ ಸದ್ದು ಕೇಳಿತು. ನನ್ನ ಮಂಕು ಬುದ್ಧಿಗೆ ಏನೂ ಹೊಳೆಯಲಿಲ್ಲ.

ಬೆಳಿಗ್ಗೆ ಪಾಳಿ ಹೊರಟಿತು. ಕಪ್ಪು ಹೊಳೆಯ ಸೇತುವೆಯ ಆಚೆ ತುದಿಯಲ್ಲಿ ಉಲ್ಜಿನಕ್ಕ ನಿಂತಿದ್ದಳು. ತಲೆಗೆ ಬಟ್ಟೆ ಇಲ್ಲ, ಅವಸರ ಇಲ್ಲ. ಮುಂದಿದ್ದ ಪಾನ್‌ದೋಲ್ ಹತ್ತಿರ ಬರುವವರೆಗೆ ಕಾದು, ಅವನ ಬೂಟಿನ ಮುಂದೆಯೇ ಎಡದಿಂದ ಬಲಕ್ಕೆ ದಾಟಿದಳು. ಪಾನ್‌ದೋಲ್ ಕಲ್ಲಾದ. ಹಿಂದಿದ್ದ ನಾವೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತೆವು.

"ಏಯ್, ಕಣ್ ಕಾಣಾಕಿಲ್ವಾ ನಿಂಗೆ? ಪಾಳಿ ಹೊರಟೈತೆ," ಎಂದು ಪಾನ್‌ದೋಲ್ ಗದರಿದ.

"ಕಾಣ್ತದೆ ಕಣಣ್ಣ, ಅದ್ಕೇ ಬಂದಿದ್ದು. ಒಂದ್ಸಲ ಸಾಲ್ದಾ?" ಎಂದು ಬಲದಿಂದ ಎಡಕ್ಕೆ ಮತ್ತೆ ದಾಟಿದಳು. ಆಮೇಲೆ ದನಿ ತಗ್ಗಿಸಿದಳು. "ಬಯ್ಕೊಂಡು ಮನೆಗೋಗು. ಜೋರಾಗಿ ಬಯ್ಯಿ, ಮೇಸ್ತ್ರಿಗೆ ಕೇಳ್ಲಿ."

ಪಾನ್‌ದೋಲ್ ಬೈದ. ಅವನದು ನಟನೆ ಅಲ್ಲ, ನಿಜಕ್ಕೂ ಮೈ ಉರಿದಿತ್ತು. ಅವಳ ವಂಶ, ಅವಳ ಊರು, ಅವಳ ಊರಿನ ಕಡಲು, ಕಡಲಿನ ಮೀನು ಯಾವುದನ್ನೂ ಬಿಡಲಿಲ್ಲ. ಬೈಯುತ್ತಲೇ ಹಿಂದಿರುಗಿ ಮನೆಯ ಕಡೆಗೆ ನಡೆದ. ಅವಳು ಅಡ್ಡ ಬಂದದ್ದು ಅವನೊಬ್ಬನಿಗೆ, ಹೀಗಾಗಿ ಉಳಿದ ನಾವು ನಾಲ್ಕು ಜನ ಮೇಲಿನ ದಾರಿ ಹಿಡಿದೆವು, ಹಿಡಿಯದೆ ಇದ್ದರೆ ಕೆಲಸ ತಪ್ಪಿಸಿದವರೆಂದು ತಾಕ್ ಕಣ್ಣಿಗೆ ಬೀಳುತ್ತಿದ್ದೆವು. ಅಲ್ಲಿ ಒಗೆಯುವ ಬಟ್ಟೆಯ ಬುಟ್ಟಿ ಹೊತ್ತು ನನ್ನ ಹೆಂಡತಿ ಅಡ್ಡ ಬಂದಳು. ನನ್ನ ಮುಖವನ್ನೂ ನೋಡದೆ, ಸೊಂಟ ತಿರುಗಿಸಿಕೊಂಡು ದಾಟಿದಳು. ಕೆಳದಾರಿಯಲ್ಲಿ ಪಾನ್‌ದೋಲ್‌ನ ಹೆಂಡತಿಯೇ ಇದ್ದಳಂತೆ. ಕಣಿವೆಯಲ್ಲಿ ಇಷ್ಟು ಹೆಂಗಸರು ಆ ಹೊತ್ತಿಗೆ ಬೇಕೆಂದೇ ದಾರಿಯ ಮೇಲೆ ನಡೆದದ್ದನ್ನು ನಾನು ಮೊದಲ ಬಾರಿ ಕಂಡೆ. ನಗು ಬಂತು, ತಡೆಯಲಾಗಲಿಲ್ಲ.

ಮರುದಿನವೂ ಹಾಗೇ ಆಯಿತು. ಅದರ ಮರುದಿನ ಮ್ಯಾನೇಜರ್ ಹಾಮ್ ಜೀಪಿನಲ್ಲಿ ಪೊಲೀಸನನ್ನು ಕೂರಿಸಿಕೊಂಡು ಬಂದ. ಇವರನ್ನು ಹಿಡಿ ಎಂದ. ಏನಂತ ಬರೆದುಕೊಳ್ಳಲಿ, ದಾರಿಯಲ್ಲಿ ನಡೆದರು ಅಂತಲೇ ಎಂದು ಪೊಲೀಸ ತಲೆ ಕೆರೆದುಕೊಂಡ. ಹಾಮ್ ಜೀಪಿನ ಮೇಲೆ ಹತ್ತಿ ಭಾಷಣಕ್ಕೆ ನಿಂತ. ಮನುಷ್ಯ ಚಂದ್ರನ ಮೇಲೆ ನಡೆದಾಡಿ ಬಂದ ಕಾಲವಿದು, ಹೆಂಗಸು ಅಡ್ಡ ಬಂದಳು ಎಂದು ಕೆಲಸ ಬಿಡುವ ಮೂಢರು ನಾಡಿಗೇ ಅವಮಾನ ಎಂದ. ಸರಿಯಾಗಿ ಆಗಲೇ ಹಾಡು ಮುಗಿದು ಕಂಬದ ಮೇಲಿನ ಧ್ವನಿವರ್ಧಕ, ಹೆಂಗಸರು ದಯವಿಟ್ಟು ದಾರಿ ಬಿಡಿ ಎಂದು ಕೂಗಿತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಪೊಲೀಸ ಸಹ ಟೋಪಿ ಅಡ್ಡ ಹಿಡಿದು ನಕ್ಕ.

ನಗೆಪಾಟಲಾದವನು ಸುಮ್ಮನಿರುತ್ತಾನೆಯೇ? ನಾಲ್ಕನೆಯ ದಿನ ಮನೆ ಬಾಗಿಲಿಗೇ ಲಾರಿ ಬಂತು. ನಮ್ಮನ್ನು ಒಳಗೆ ತುಂಬಿ, ಹೊರಗೆ ಏನೂ ಕಾಣದಂತೆ ಟಾರ್ಪಾಲು ಬಿಗಿದರು. ಕಾಣದಿದ್ದರೆ ಅಡ್ಡ ಬಂದಂತಲ್ಲವಂತೆ. ಚಂದ್ರನ ಕಾಲದ ಮ್ಯಾನೇಜರು ಕುಳಿತು ಯೋಚಿಸಿ ಕಂಡುಹಿಡಿದದ್ದು ಇದು. ಕತ್ತಲೆಯಲ್ಲಿ ಪಾನ್‌ದೋಲ್ ಪಕ್ಕದಲ್ಲಿ ಕೂತಿದ್ದ. ಜೇಬಿನ ಉಪ್ಪನ್ನು ತಡಕುತ್ತಲೇ ಇದ್ದ.

ಗಣಿ ಬಾಯಿಯಲ್ಲಿ ಇಳಿಸಿದರು. ಗಾಡಿ ಸಿದ್ಧವಾಗಿತ್ತು, ಮದ್ದಿನ ಪೆಟ್ಟಿಗೆ ಹೊರಗಿಟ್ಟಿದ್ದರು. ಆಗ ಮೇಲಿನ ಚಪ್ಪರದಲ್ಲಿ ಬೆಲ್ಟು ನಿಂತಿತು. ಉಲ್ಜಿನಕ್ಕ ಮೆಟ್ಟಿಲಿಳಿದು ಬಂದಳು, ಹಿಂದೆ ಉಳಿದ ವಿಧವೆಯರು. ಹಳಿ ದಾಟುತ್ತಾಳೆ ಎಂದುಕೊಂಡೆವು. ಅವಳು ದಾಟಲಿಲ್ಲ. ಎರಡು ಹಳಿಗಳ ನಡುವೆ ನಡೆದು, ನಮ್ಮನ್ನೂ ಗಾಡಿಯನ್ನೂ ದಾಟಿ, ನೇರವಾಗಿ ಗಣಿಯ ಒಳಗೇ ಹೋದಳು.

ಅದು ನಮ್ಮ ಕಣಿವೆಯಲ್ಲಿ ಯಾವ ಹೆಂಗಸೂ ಮಾಡದ ಕೆಲಸ. ದಾರಿ ದಾಟಿದರೆ ಒಬ್ಬನಿಗೆ ಕೇಡು, ಒಳಗೆ ಕಾಲಿಟ್ಟರೆ ಬೆಟ್ಟದ ದೇವರೇ ಮುನಿಯುತ್ತಾನೆ ಎನ್ನುತ್ತಾರೆ. ಬೆಳಕು ಮುಗಿಯುವಲ್ಲಿ ಕಂಬಗಳ ರಾಶಿ ಇತ್ತು. ಉಲ್ಜಿನಕ್ಕ ಅದರ ಮೇಲೆ ಕೂತು, ಬುತ್ತಿಯ ಗಂಟು ಬಿಚ್ಚಿದಳು. ಹೊರಗೆ ಬಾ ಎಂದು ತಾಕ್ ಕೂಗಿದ.

"ನನ್ ಗಂಡ ಇನ್ನೂ ಒಳ್ಗೇ ಅವ್ನೆ," ಅಂದಳು. ಸುರಂಗದಲ್ಲಿ ಅವಳ ದನಿ ಇನ್ನೂ ದೊಡ್ಡದಾಯಿತು. "ನೀವ್ಯಾರೂ ತೆಗೀಲಿಲ್ಲ, ಹಲಗೆ ಹೊಡ್ದು ಮುಚ್ಚಿದ್ರಿ. ಅವನ್ಗೂ ಸೇರ್ಸಿ ಅನ್ನ ತಂದಿವ್ನಿ. ಇಬ್ರೂ ಉಂಡು ಬತ್ತೀವಿ, ನೀವು ಕಾಯಿರಿ."

ಹೋಗಿ ಎಳೆದು ತಾ ಎಂದು ಹಾಮ್ ಹೇಳಿದ. ಯಾರಿಗೆ ಹೇಳಿದನೋ, ಯಾರೂ ಅಲುಗಲಿಲ್ಲ. ತಾಕ್ ಸಹ ನೆಲ ನೋಡಿದ. ತಾನೇ ಹೋಗಬಹುದಿತ್ತು, ಆದರೆ ಹಾಮ್ ಆ ಬೆಳಕಿನ ಗೆರೆಯನ್ನು ಅಂದಿನವರೆಗೂ ದಾಟಿದವನಲ್ಲ. ಅವಳು ತಣ್ಣನೆ ಅನ್ನವನ್ನು ಮೂಲಂಗಿ ಕಿಮ್ಚಿಯ ಜೊತೆ ಅಗಿದು ಅಗಿದು ಉಂಡಳು. ಅರ್ಧ ಅನ್ನವನ್ನು ಮುಚ್ಚಳದಲ್ಲಿ ಹಾಕಿ ಕತ್ತಲೆಯ ಕಡೆಗೆ ಸರಿಸಿದಳು. ಆಮೇಲೆ ತಾನಾಗಿಯೇ ಹೊರಗೆ ಬಂದು ಮೆಟ್ಟಿಲು ಹತ್ತಿ ಬೆಲ್ಟಿಗೆ ಹೋದಳು. ನನ್ನ ಕಣ್ಣು ತುಂಬಿ ಬಂದಿತ್ತು, ಧೂಳು ಎಂದು ಒರೆಸಿಕೊಂಡೆ.

ಹಂದಿ ತಲೆ ಇಟ್ಟು ಬೆಟ್ಟದ ದೇವರಿಗೆ ಪೂಜೆ ಆಗುವವರೆಗೆ ಒಬ್ಬನೂ ಒಳಗಿಳಿಯುವುದಿಲ್ಲ ಎಂದು ಪಾನ್‌ದೋಲ್ ಹೇಳಿದ. ಅದಕ್ಕೆ ಎಲ್ಲ ತಂಡಗಳೂ, ತಾಕ್ ಕೂಡ, ಹೂಂ ಎಂದರು. ಗಣಿಯೇ ನಿಂತರೆ ಹಾಮ್‌ನ ಕುರ್ಚಿಯೂ ನಿಲ್ಲುವುದಿಲ್ಲ. ಹಲ್ಲು ಕಚ್ಚಿಕೊಂಡು ಹಂದಿ ತಲೆಗೆ ಆಳು ಕಳಿಸಿದ. ಪೂಜೆ ನಾಳಿದ್ದು ಎಂದಾಯಿತು.

ಪೂಜೆಯ ಹಿಂದಿನ ದಿನ ಮಧ್ಯಾಹ್ನ ಊರಿನ ನೆಲ ಅದುರಿತು. ನಾವೆಲ್ಲ ಓಡಿದೆವು. ಗಣಿ ಬಾಯಿಯಿಂದ ಕೊಳೆತ ವಾಸನೆಯ ತಣ್ಣನೆ ಗಾಳಿ ನುಗ್ಗಿತು. ತಾಕ್ ದೀಪ ಹಿಡಿದು ಸ್ವಲ್ಪ ದೂರ ಹೋಗಿ ಬಂದು, ಗಂಜಿ ಎಂದ. ನಮ್ಮ ತುದಿ, ಅದರ ಕೆಳಗಿನ ಜಾರುಬಂಡೆ, ಗಾಡಿ ತಳ್ಳುವವರ ದಾರಿ, ಗಾಡಿ ನಿಲ್ಲುವ ಜಾಗ ಎಲ್ಲವೂ ಕತ್ತಿನವರೆಗೆ ತುಂಬಿತ್ತಂತೆ. ನಾನು ಹಿಮದ ಮೇಲೆ ಕುಸಿದು ಮಗುವಿನ ಹಾಗೆ ಅತ್ತೆ. ಮಕ್‌ಸುನ್ ನನ್ನ ಎದೆಗೆ ಗುದ್ದಿದಳು, ಗುದ್ದುತ್ತಲೇ ಇದ್ದಳು.

ಇಷ್ಟಾದ ಮೇಲೆ ಉಲ್ಜಿನಕ್ಕನ ಕಾಲು ತೊಳೆದು ನೀರು ಕುಡಿಯಬೇಕಿತ್ತಲ್ಲವೇ? ಸಂಜೆ ಹೆಂಡದಂಗಡಿಯಲ್ಲಿ ಪಾನ್‌ದೋಲ್ ಹೇಳಿದ್ದೇನು ಗೊತ್ತೇ? ಹೆಂಗಸು ಒಳಗೆ ಕಾಲಿಟ್ಟಳು, ಬೆಟ್ಟ ಮುನಿಯಿತು, ಅದಕ್ಕೇ ಗಂಜಿ ನುಗ್ಗಿತು. ಸುತ್ತ ಕುಳಿತವರು ತಲೆಯಾಡಿಸಿದರು. ಅದೇ ಗೋಡೆ ತೊಟ್ಟಿಕ್ಕಿದ್ದನ್ನು ಕಂಡವರು, ಅದೇ ಮುದ್ದೆಯನ್ನು ಸಲಿಕೆಯಿಂದ ಕೆರೆದವರು. ಇವರ ತಲೆಯಲ್ಲೂ ಕಲ್ಲಿದ್ದಲನ್ನೇ ತುಂಬಿದ್ದಾರೆಯೇ ಎಂದು ನನಗೆ ರೇಗಿತು. ಅವಳು ಕಾಲಿಡದಿದ್ದರೆ ನೀನು ಎಲ್ಲಿರುತ್ತಿದ್ದೆ ಎಂದು ಕೇಳಿದೆ. ಒಳಗೆ ಎಂದ. ಆಮೇಲೆ ಏನಾಗುತ್ತಿತ್ತು ಎಂದೆ. ಅದು ಬೇರೆ, ಇದು ಬೇರೆ ಎಂದು ಲೋಟ ಎತ್ತಿದ.

ಆ ಮಾತು ಹಾಮ್‌ನ ಕಿವಿಗೆ ಬಿದ್ದದ್ದೇ ತಡ, ಅವನಿಗೂ ಬೆಟ್ಟದ ದೇವರ ಮೇಲೆ ಭಕ್ತಿ ಹುಟ್ಟಿತು. ತನಿಖೆಗೆ ಯಾರಾದರೂ ಬಂದರೆ ಒದ್ದೆ ಗೋಡೆಯ ಮಾತು ಬರಬಾರದಲ್ಲ. ಬೆಳಿಗ್ಗೆ ಹಂದಿ ತಲೆಯ ಪೂಜೆ ಮುಗಿದ ಕೂಡಲೇ ಎಲ್ಲರನ್ನೂ ಗಣಿಯ ಅಂಗಳದಲ್ಲಿ ನಿಲ್ಲಿಸಿ, ಈ ಹೆಂಗಸು ನಿಷೇಧ ಮೀರಿ ಒಳಗೆ ಹೋದದ್ದರಿಂದಲೇ ಸುರಂಗ ಒಡೆದಿದೆ, ಇವತ್ತಿನಿಂದ ಇವಳಿಗೆ ಕೆಲಸವೂ ಇಲ್ಲ ಮನೆಯೂ ಇಲ್ಲ ಎಂದ. ನಿಮ್ಮವರೇ ಹಾಗೆ ಹೇಳುತ್ತಿದ್ದಾರೆ ಎಂದು ಪಾನ್‌ದೋಲ್ ಕಡೆಗೆ ಕೈ ತೋರಿಸಿದ.

ಉಲ್ಜಿನಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. ಮುಖ ಕಪ್ಪು, ಹಲ್ಲು ಮಾತ್ರ ಬಿಳಿ. ಅತ್ತು ಬೇಡಿಕೊಳ್ಳುತ್ತಾಳೆ ಎಂದು ಹಾಮ್ ಕಾದ.

"ಹೂಂ, ನಾನೇ ಒಡ್ದಿದ್ದು," ಅಂದಳು. "ಎರಡು ವರ್ಸದ್ ಹಿಂದೆ ನೀವು ಒಡದ್ರಿ. ಒಳ್ಗೆ ನನ್ ಗಂಡ ಇದ್ದ, ಅವನ್ ಜೊತೆಯೋರು ಇದ್ರು. ಈಗ ನಾನು ಒಡ್ದೆ. ಒಳ್ಗೆ ಯಾರಿದ್ರು? ಎಣಿಸ್ಕಳಿ ಸಾಹೇಬ್ರೆ, ಎಲ್ಲಾ ಇಲ್ಲೇ ನಿಂತವ್ರೆ."

ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ. ಗಣಿಯವರು ಕೆಮ್ಮದೆ ಅಷ್ಟು ಹೊತ್ತು ನಿಂತದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾಮ್ ದನಿ ಏರಿಸಿ, ಮಾತು ಮುಗಿಯಿತು, ಗಂಜಿ ಮುಟ್ಟದ ಬಲಗಡೆಯ ಸುರಂಗಕ್ಕೆ ಪಾಳಿ ಇಳಿಯಲಿ ಎಂದ.

ಪಾನ್‌ದೋಲ್‌ಗೆ ಯಾವುದೂ ಬೇಗ ತಲೆಗೆ ಹತ್ತುವುದಿಲ್ಲ. ಅವನ ಹಣೆಯ ಗೆರೆಗಳು ಓಡಾಡಿದವು. ಆಮೇಲೆ ಅವನು ಟೋಪಿ ತೆಗೆದು, ಅದರ ದೀಪ ಆರಿಸಿ, ಹಳಿಯ ಮೇಲೆ ಕೂತುಬಿಟ್ಟ. ಅಕ್ಕ ಮೊದಲು ಬೆಲ್ಟಿನ ಕೆಲಸಕ್ಕೆ ವಾಪಸು ಹೋಗಲಿ, ಆಮೇಲೆ ನೋಡೋಣ ಎಂದ. ಇದರ ಅರ್ಥ ಏನೆಂದು ಹಾಮ್ ಕೇಳಿದ. ಪೊಲೀಸರ ಹೆಸರೂ ಎತ್ತಿದ. ಮೇಸ್ತ್ರಿ ತಾಕ್ ಓಡಿ ಬಂದು ಬಗ್ಗಿ, ಇವನನ್ನು ಹೇಗಾದರೂ ಉಳಿಸಿಕೊಳ್ಳುವ ಹಾಗೆ ಪಿಸುಗುಟ್ಟಿದ.

"ಹೆಂಗಸು ಅಡ್ಡ ಬಂದ್ಲು ಅಂತ ಹೇಳ್ಬುಡು. ನಾನು ರಜೆ ಹಾಕ್ಕೊತೀನಿ."

ಪಾನ್‌ದೋಲ್ ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟ.

"ಇಲ್ಲ ಮೇಸ್ತ್ರಿ. ಇವತ್ತು ಯಾರೂ ಅಡ್ಡ ಬಂದಿಲ್ಲ. ನಾನೇ ಇಳಿಯಾಕಿಲ್ಲ ಅಂತಿರೋದು."

ನಾನು ಹೋಗಿ ಅವನ ಪಕ್ಕದಲ್ಲಿ ಕೂತೆ. ನಮ್ಮ ಹಿಂದೆ ಒಂದೊಂದಾಗಿ ದೀಪಗಳು ಆರತೊಡಗಿದವು.